ರೊಟ್ಟಿಗೆ ಕಾಳುಪಲ್ಯ ಬೇಕೇ ಬೇಕು, ಏಕೆ?

ನಮ್ಮ ಮೈಯ ಪ್ರೋಟೀನುಗಳು 20 ಬಗೆಯ ಅಮೈನೋ ಆಮ್ಲಗಳಿಂದ ಆದವು. ಇವುಗಳಲ್ಲಿ 9ನ್ನು ದೇಹ ತಾನಾಗಿ ತಯಾರಿಸಿಕೊಳ್ಳಲಾರದು, ಊಟದಿಂದಲೇ ಬರಬೇಕು. ಬರೀ ಧಾನ್ಯ ನೆಚ್ಚಿಕೊಂಡವರಿಗೆ ಇವುಗಳಲ್ಲಿ ಮೊದಲು ಕೊರತೆ ಬೀಳುವುದು ಲೈಸೀನ್.

ಜೀವಕೋಶವು ಅಮೈನೋ ಆಮ್ಲಗಳನ್ನು ಗೊತ್ತಾದ ಕ್ರಮದಲ್ಲಿ ಪೋಣಿಸಿ ಪ್ರೋಟೀನ್ ಕಟ್ಟುತ್ತದೆ. ಲೈಸೀನಿನ ಜಾಗದಲ್ಲಿ ಇನ್ನೊಂದು ಬಂದು ಕೂರುವಂತಿಲ್ಲ. ಅದು ಸಾಲದಿದ್ದರೆ ಕೆಲಸ ಕುಂಟುತ್ತದೆ. ಮಿಕ್ಕವನ್ನು ಕೂಡಿಡಲು ದೇಹದಲ್ಲಿ ಉಗ್ರಾಣವಿಲ್ಲ; ಅವು ಇಂಧನವಾಗಿ ಉರಿದು, ಸಾರಜನಕ ಯೂರಿಯಾ ಆಗಿ ಮೂತ್ರದಲ್ಲಿ ಹೋಗುತ್ತದೆ. 1914ರಲ್ಲಿ ಅಮೆರಿಕದ ವಿಜ್ಞಾನಿಗಳಾದ ಆಸ್ಬಾರ್ನ್ ಮತ್ತು ಮೆಂಡೆಲ್ ಇಲಿಗಳಿಗೆ ಪ್ರೋಟೀನೆಂದು ಗೋಧಿಯ ಗ್ಲಯಾಡಿನ್ ಒಂದನ್ನೇ ಕೊಟ್ಟು ನೋಡಿದರು. ಇಲಿಗಳು ಬದುಕಿದವು, ಬೆಳೆಯಲಿಲ್ಲ. ಲೈಸೀನ್ ಬೆರೆಸಿದ ಮೇಲೆ ಬೆಳೆದವು.

ಚರ್ಮ, ಮೂಳೆಗಳಿಗೆ ಬಿಗಿ ಕೊಡುವ ಕೊಲಾಜೆನ್ ಎಳೆಗಳು ಒಂದಕ್ಕೊಂದು ಬೆಸೆದುಕೊಳ್ಳಲೂ ಲೈಸೀನ್ ಬೇಕು.

ಈಗ ತಟ್ಟೆಯ ಲೆಕ್ಕ. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ವಯಸ್ಕರಿಗೆ ದಿನಕ್ಕೆ ಕಿಲೋ ತೂಕಕ್ಕೆ 30 ಮಿಲಿಗ್ರಾಂ ಲೈಸೀನ್ ಬೇಕು. 60 ಕಿಲೋ ಇರುವವರಿಗೆ 1,800. ದಿನಕ್ಕೆ 300 ಗ್ರಾಂ ಜೋಳದ ಹಿಟ್ಟಿನ ರೊಟ್ಟಿ ತಿಂದರೆ ಪ್ರೋಟೀನ್ ಸುಮಾರು 30 ಗ್ರಾಂ ಸಿಗುತ್ತದೆ. ಅದು ದಿನದ ಅಗತ್ಯದ ಅರ್ಧಕ್ಕಿಂತ ಜಾಸ್ತಿಯೇ. ಆದರೆ ಲೈಸೀನ್ ಮಾತ್ರ 700 ಮಿಲಿಗ್ರಾಂ ಆಸುಪಾಸು. ಅದರ ಜೊತೆ 75 ಗ್ರಾಂ ತೊಗರಿಬೇಳೆ ಸೇರಿದರೆ ಇನ್ನೂ ಸಾವಿರದ ಮೇಲೆ ಬಂದು, ಲೆಕ್ಕ ಹೆಚ್ಚುಕಡಿಮೆ ಸರಿಹೋಗುತ್ತದೆ. ಬೇಳೆಯಲ್ಲಿ ಕಡಿಮೆಯಿರುವ ಮೆಥಿಯೋನಿನ್ ಜೋಳದಲ್ಲಿದೆ. ಎರಡೂ ಒಂದೇ ತುತ್ತಿನಲ್ಲಿ ಇರಬೇಕಾಗಿಲ್ಲ, ಒಂದೇ ದಿನದಲ್ಲಿದ್ದರೆ ಸಾಕು. ಮುದ್ದೆಗೆ ಹುರುಳಿ ಸಾರು, ಅನ್ನಕ್ಕೆ ಹುಳಿ, ಕೊನೆಗೆ ಮಜ್ಜಿಗೆ ಇದೇ ಕೆಲಸ ಮಾಡುತ್ತವೆ. ಹಾಲು, ಮೊಟ್ಟೆ, ಮೀನು, ಮಾಂಸ ತಿನ್ನುವವರಿಗಂತೂ ಈ ಚಿಂತೆಯೇ ಇಲ್ಲ.

ಎರಡು ಕಡೆ ಮೋಸಹೋಗುತ್ತೇವೆ. ಶೇಂಗಾದಲ್ಲಿ ಪ್ರೋಟೀನ್ ಧಾರಾಳವಾಗಿದ್ದರೂ ಬೇಳೆಯಷ್ಟು ಲೈಸೀನ್ ಇಲ್ಲ. ರೊಟ್ಟಿಗೆ ಶೇಂಗಾ ಹಿಂಡಿ ರುಚಿ, ಆದರೆ ಅದು ಕಾಳುಪಲ್ಯದ ಬದಲಿ ಅಲ್ಲ. ಇನ್ನೊಂದು, ಬೇಳೆಕಟ್ಟಿನ ತಿಳಿಸಾರು. ಕಟ್ಟು ಬಸಿದ ಬೇಳೆ ಪಲ್ಯಕ್ಕೋ ಒಬ್ಬಟ್ಟಿಗೋ ಹೋಗಿರುತ್ತದೆ, ಪ್ರೋಟೀನೂ ಬಹುಪಾಲು ಅದರ ಜೊತೆಗೇ.

ಮೆಡಿಕಲ್ ಶಾಪಿನಲ್ಲಿ ಲೈಸೀನ್ ಮಾತ್ರೆ ಸಿಗುತ್ತದೆ. ಕಾಳು ತಿಂದು ಅರಗಿಸಿಕೊಳ್ಳುವವರಿಗೆ ಅದು ದುಡ್ಡು ದಂಡ. ಮೂತ್ರಪಿಂಡದ ತೊಂದರೆ ಇರುವವರು ಮಾತ್ರೆಯಿರಲಿ, ಕಾಳನ್ನು ಹೆಚ್ಚಿಸುವುದಿದ್ದರೂ ಮೊದಲು ವೈದ್ಯರನ್ನು ಕೇಳಿ.