ಪೆಟ್ ಸ್ಕ್ಯಾನ್‌ಗೆ ಖಾಲಿ ಹೊಟ್ಟೆ ಏಕೆ?

ಗೊರೂರು, ಅರಕಲಗೂಡು, ಹೊಳೆನರಸೀಪುರದ ಕಡೆಯಿಂದ ಪೆಟ್ ಸ್ಕ್ಯಾನ್‌ಗೆಂದು ಬೆಂಗಳೂರಿಗೋ ಮೈಸೂರಿಗೋ ಹೊರಡುವವರಿಗೆ ಮೊದಲೇ ಹೇಳಿ ಕಳಿಸುತ್ತಾರೆ: ನಾಲ್ಕರಿಂದ ಆರು ಗಂಟೆ ಏನೂ ತಿನ್ನಬೇಡಿ, ಬರೀ ನೀರು ಕುಡಿಯಿರಿ. ನಸುಕಿನಲ್ಲೇ ಬಸ್ಸು ಹತ್ತಿದವರಿಗೆ ಚನ್ನರಾಯಪಟ್ಟಣದಲ್ಲಿ ಒಂದು ಲೋಟ ಕಾಫಿ ಕುಡಿದರೆ ಏನಾದೀತು ಅನ್ನಿಸುವುದು ಸಹಜ. ಆದರೆ ಸಕ್ಕರೆ ಹಾಕಿದ ಆ ಕಾಫಿಯೇ ಚಿತ್ರವನ್ನು ಕೆಡಿಸಬಲ್ಲದು.

ಈ ಪರೀಕ್ಷೆಯಲ್ಲಿ ರಕ್ತನಾಳಕ್ಕೆ ಚುಚ್ಚುವುದು ಹೆಚ್ಚುಕಡಿಮೆ ಸಕ್ಕರೆಯನ್ನೇ. ಗ್ಲೂಕೋಸ್ ಅಣುವಿನ ಎರಡನೆಯ ಇಂಗಾಲದಲ್ಲಿರುವ ಆಮ್ಲಜನಕ-ಜಲಜನಕದ ಜೋಡಿಯ ಜಾಗದಲ್ಲಿ ವಿಕಿರಣಶೀಲ ಫ್ಲೋರಿನ್-18 ಕೂತಿರುತ್ತದೆ. ಆಸ್ಪತ್ರೆಯವರು ಇದನ್ನು ಎಫ್‌ಡಿಜಿ ಎನ್ನುತ್ತಾರೆ. ಜೀವಕೋಶ ಇದನ್ನು ಗ್ಲೂಕೋಸ್ ಎಂದೇ ಒಳಗೆ ಬಿಟ್ಟುಕೊಂಡು, ಫಾಸ್ಫೇಟ್ ಒಂದನ್ನು ಅಂಟಿಸುತ್ತದೆ. ಎಫ್‌ಡಿಜಿಗೆ ಅಲ್ಲಿಂದ ಮುಂದೆ ದಾರಿಯಿಲ್ಲ. ಫಾಸ್ಫೇಟ್ ಹೊತ್ತದ್ದು ಹೊರಗೂ ಬರಲಾರದು. ಹೊಳೆಯ ಕೂಳಿಗೆ ನುಗ್ಗಿದ ಮೀನಿನ ಹಾಗೆ ಒಳಗೇ ಉಳಿಯುತ್ತದೆ. ಅನೇಕ ಕ್ಯಾನ್ಸರ್ ಗೆಡ್ಡೆಗಳು ಗ್ಲೂಕೋಸನ್ನು ವಿಪರೀತವಾಗಿ ಬಳಸುತ್ತವೆ ಎಂಬುದನ್ನು ಜರ್ಮನಿಯ ಆಟೋ ವಾರ್‌ಬರ್ಗ್ 1920ರ ದಶಕದಲ್ಲೇ ತೋರಿಸಿದ್ದರು. ಹಾಗಾಗಿ ಎಫ್‌ಡಿಜಿ ಅಲ್ಲಿ ಹೆಚ್ಚು ಜಮಾಯಿಸುತ್ತದೆ.

ಫ್ಲೋರಿನ್-18 ಸಿಡಿದಾಗ ಹೊರಬೀಳುವ ಪಾಸಿಟ್ರಾನ್ ಕೂದಲೆಳೆ ದೂರದಲ್ಲೇ ಒಂದು ಎಲೆಕ್ಟ್ರಾನಿಗೆ ಡಿಕ್ಕಿ ಹೊಡೆಯುತ್ತದೆ. ಎರಡೂ ಅಳಿದು, ಎರಡು ಗಾಮಾ ಕಿರಣಗಳು ಎದುರುಬದುರು ದಿಕ್ಕಿಗೆ ಹಾರುತ್ತವೆ. ಸುತ್ತಲಿನ ಉಂಗುರದಂಥ ಯಂತ್ರ ಎರಡನ್ನೂ ಒಟ್ಟಿಗೇ ಹಿಡಿದು, ಅವು ಹೊರಟ ರೇಖೆಯನ್ನು ಗುರುತಿಸುತ್ತದೆ. ಅಂಥ ಲಕ್ಷಾಂತರ ರೇಖೆಗಳಿಂದ, ಎಫ್‌ಡಿಜಿ ಜಮಾಯಿಸಿದ ಕಡೆ ಹೊಳೆಯುವ ಚಿತ್ರ ಮೂಡುತ್ತದೆ. ಜೊತೆಗೆ ತೆಗೆದ ಸಿಟಿ ಸ್ಕ್ಯಾನ್ ಆ ಹೊಳಪು ಯಾವ ಅಂಗದಲ್ಲಿದೆ ಎಂದು ತೋರಿಸುತ್ತದೆ. ಮನುಷ್ಯರಿಗೆ ಎಫ್‌ಡಿಜಿಯನ್ನು ಮೊದಲು ಕೊಟ್ಟದ್ದು 1976ರಲ್ಲಿ, ಅಮೆರಿಕದ ಫಿಲಡೆಲ್ಫಿಯಾದಲ್ಲಿ. ಭಾರತದ ಮೊದಲ ಪೆಟ್ ಕೇಂದ್ರ 2002ರಲ್ಲಿ ಮುಂಬೈಯ ಪರೇಲ್‌ನಲ್ಲಿ ಶುರುವಾಯಿತು.

ಈಗ ಆ ಕಾಫಿಯ ವಿಷಯ. ಸಕ್ಕರೆ ಹೊಟ್ಟೆಗೆ ಬಿದ್ದರೆ ಇನ್ಸುಲಿನ್ ಏರುತ್ತದೆ. ಅದು ಗ್ಲೂಕೋಸಿನ ಜೊತೆ ಎಫ್‌ಡಿಜಿಯನ್ನೂ ಸ್ನಾಯುಗಳಿಗೆ, ಹೃದಯಕ್ಕೆ ತಳ್ಳುತ್ತದೆ. ಮೈಯೆಲ್ಲ ಹೊಳೆದು ಗೆಡ್ಡೆ ಮಂಕಾಗುತ್ತದೆ. ಮಧುಮೇಹಿಗಳು ಔಷಧಿಯ ಹೊತ್ತನ್ನು ವೈದ್ಯರಿಂದ ಮೊದಲೇ ಕೇಳಿ ತಿಳಿಯಬೇಕು, ತಾವಾಗಿಯೇ ನಿಲ್ಲಿಸಬಾರದು. ಸಕ್ಕರೆ 200 ದಾಟಿದ್ದರೆ ಅನೇಕ ಕಡೆ ಸ್ಕ್ಯಾನ್ ಮುಂದೂಡುತ್ತಾರೆ. ದುಡಿದ ಸ್ನಾಯುವೂ ಗ್ಲೂಕೋಸ್ ಎಳೆದುಕೊಳ್ಳುವುದರಿಂದ ಹಿಂದಿನ ದಿನ ಆಲೂಗೆಡ್ಡೆ ಮೂಟೆ ಹೊರುವಂಥ ಕೆಲಸ ಬೇಡ. ಚುಚ್ಚಿದ ಮೇಲೆ ಸುಮಾರು ಒಂದು ಗಂಟೆ ಬೆಚ್ಚಗೆ, ಮಾತಿಲ್ಲದೆ ಮಲಗಿರಬೇಕು. ಮಾತಾಡಿದರೆ ಗಂಟಲ ಸ್ನಾಯುಗಳು ಹೊಳೆಯುತ್ತವೆ.

ಹೊಳೆದದ್ದೆಲ್ಲ ಕ್ಯಾನ್ಸರ್ ಅಲ್ಲ, ಇದನ್ನು ಒತ್ತಿ ಹೇಳಬೇಕು. ಮಿದುಳು ಸದಾ ಹೊಳೆಯುತ್ತದೆ. ಮೂತ್ರದಲ್ಲಿ ಹೊರಹೋಗುವುದರಿಂದ ಮೂತ್ರಕೋಶವೂ ಹೊಳೆಯುತ್ತದೆ. ಕ್ಷಯ, ಸೋಂಕು, ಮಾಯುತ್ತಿರುವ ಶಸ್ತ್ರಚಿಕಿತ್ಸೆಯ ಗಾಯ ಕೂಡ ಹೊಳೆಯುತ್ತವೆ. ಪ್ರಾಸ್ಟೇಟಿನ ಅನೇಕ ಕ್ಯಾನ್ಸರ್‌ಗಳು ಹೊಳೆಯದೆ ತಪ್ಪಿಸಿಕೊಳ್ಳುವುದೂ ಉಂಟು. ಅದಕ್ಕೇ ಬಯಾಪ್ಸಿ ಕೇಳುತ್ತಾರೆ. ಗೆಡ್ಡೆ ಸಕ್ಕರೆ ತಿನ್ನುತ್ತದೆಂದು ರೋಗಿಗೆ ಮುದ್ದೆ, ಅನ್ನ ಬಿಡಿಸುವುದಂತೂ ಖಂಡಿತ ಬೇಡ. ಅದರಿಂದ ಸೊರಗುವುದು ಗೆಡ್ಡೆಯಲ್ಲ, ರೋಗಿ.

ವಿಕಿರಣದ ಭಯಕ್ಕೂ ಲೆಕ್ಕದಲ್ಲೇ ಉತ್ತರವಿದೆ. ಫ್ಲೋರಿನ್-18 ಸುಮಾರು 110 ನಿಮಿಷಕ್ಕೊಮ್ಮೆ ಅರ್ಧವಾಗುತ್ತ ಹೋಗುತ್ತದೆ. ಮಾರನೆಯ ದಿನಕ್ಕೆ ಏನೂ ಉಳಿದಿಲ್ಲ ಎನ್ನುವಷ್ಟು ಕಡಿಮೆ. ಅಲ್ಲಿಯವರೆಗೆ ನೀರು ಚೆನ್ನಾಗಿ ಕುಡಿಯಬೇಕು, ಮನೆಗೆ ಬಂದ ಸಂಜೆ ಎಳೆಮಕ್ಕಳಿಂದ, ಗರ್ಭಿಣಿಯರಿಂದ ದೂರವಿರಬೇಕು. ಗರ್ಭಿಣಿಯಾಗಿದ್ದರೆ, ಎದೆಹಾಲು ಉಣಿಸುತ್ತಿದ್ದರೆ ಮೊದಲೇ ತಿಳಿಸಬೇಕು.

ಇದೇ ಲೆಕ್ಕದಿಂದಾಗಿ ಎಫ್‌ಡಿಜಿಯನ್ನು ಕಪಾಟಿನಲ್ಲಿ ಕೂಡಿಡಲಾಗದು. ಸೈಕ್ಲೋಟ್ರಾನ್ ಯಂತ್ರದಲ್ಲಿ ಫ್ಲೋರಿನ್ ತಯಾರಿಸಿ ಅಂದೇ ಬಳಸಬೇಕು. ಬೆಂಗಳೂರಿಂದ ಹಾಸನಕ್ಕೆ ತರಲು ಮೂರೂವರೆ ಗಂಟೆ ಹಿಡಿದರೆ, ಹೊರಟದ್ದರ ಕಾಲು ಭಾಗಕ್ಕಿಂತ ತುಸು ಹೆಚ್ಚು ಉಳಿದಿರುತ್ತದೆ ಅಷ್ಟೆ. ನಿಮ್ಮ ಬಸ್ಸು ಎರಡು ಗಂಟೆ ತಡವಾದರೂ ಅಷ್ಟೇ: ನಿಮಗೆಂದು ತರಿಸಿದ ಡೋಸ್ ಅಷ್ಟರಲ್ಲಿ ಅರ್ಧಕ್ಕಿಳಿದಿರುತ್ತದೆ. ತಡವಾಗುವುದು ಗೊತ್ತಾದ ಕೂಡಲೇ, ದಾರಿಯಿಂದಲೇ ಕೇಂದ್ರಕ್ಕೆ ಫೋನ್ ಮಾಡಿ.