ಕೆರೆ ಕಟ್ಟಿದ ಕಥೆ, ಮಕ್ಕಳು ಕಟ್ಟಿದ ನಾಟಕ

ಗಡಿನಾಡ ಕನ್ನಡಿಗರೆಂದರೆ ಕಾಸರಗೋಡಿನವರಾದ ನಾವು ಮಾತ್ರವೆಂದು ಒಮ್ಮೊಮ್ಮೆ ತಿಳಿದುಬಿಡುತ್ತೇವೆ. ಉತ್ತರದ ತುದಿಯಲ್ಲಿ ನಮಗೆ ನೆಂಟರಿದ್ದಾರೆ. 1956ರಲ್ಲಿ ನಾವು ಕೇರಳಕ್ಕೆ ಸೇರಿದೆವು. ಸೊಲ್ಲಾಪುರ, ಅಕ್ಕಲಕೋಟೆಗಳು ಮುಂಬಯಿ ರಾಜ್ಯದಲ್ಲೇ ಉಳಿದು, 1960ರಲ್ಲಿ ಮಹಾರಾಷ್ಟ್ರದ ಪಾಲಾದವು. 1967ರ ಮಹಾಜನ ವರದಿಯಲ್ಲಿ ಅವರ ಹೆಸರೂ ಇದೆ, ನಮ್ಮ ಹೆಸರೂ ಇದೆ.

ಸೊಲ್ಲಾಪುರದಿಂದ ಅಕ್ಕಲಕೋಟೆಗೆ ಸುಮಾರು 40 ಕಿಲೋಮೀಟರ್. ಆ ಕಡೆಯ ಒಂದು ಕನ್ನಡ ಪ್ರೌಢಶಾಲೆಗೆ ನಾವು ಹೋದಾಗ ವಾರ್ಷಿಕೋತ್ಸವದ ತಯಾರಿ ನಡೆದಿತ್ತು. ಅಲ್ಲಿ ಅದಕ್ಕೆ 'ಗ್ಯಾದರಿಂಗ್' ಎನ್ನುತ್ತಾರೆ. ಪ್ರತಿವರ್ಷ ಸಿನಿಮಾ ಹಾಡಿಗೆ ಕುಣಿಯುತ್ತಿದ್ದ ಮಕ್ಕಳು ಈ ಸಲ ತಮ್ಮದೇ ಹಾಡುನಾಟಕ ಆಡುತ್ತೇವೆಂದು ಹಟ ಹಿಡಿದಿದ್ದರು.

ಕಥೆಗೆ ದೂರ ಹೋಗಬೇಕಾಗಿರಲಿಲ್ಲ. ಹನ್ನೆರಡನೆಯ ಶತಮಾನದಲ್ಲಿ ಸೊನ್ನಲಿಗೆಯ ಸಿದ್ಧರಾಮ ಊರವರನ್ನು ಕೂಡಿಸಿಕೊಂಡು ಕೆರೆ ಕಟ್ಟಿಸಿದ. ಆ ಸೊನ್ನಲಿಗೆಯೇ ಇಂದಿನ ಸೊಲ್ಲಾಪುರ. ಕೆರೆಯ ನಡುವಿನ ಗುಡಿಯನ್ನು ಈ ಮಕ್ಕಳು ಸಂಕ್ರಾಂತಿಯ ಗಡ್ಡಾ ಜಾತ್ರೆಯಲ್ಲಿ ಕಂಡವರೇ. ಕೆಲಸ ನಡೆದಿರುವಾಗ ಅಲ್ಲಮಪ್ರಭು ಬಂದು ಸಿದ್ಧರಾಮನನ್ನು ಹಗುರವಾಗಿ ಕರೆದುದೂ, ಸಿಟ್ಟಿಗೆದ್ದ ಕೆಲಸಗಾರರು ಕಲ್ಲೆಸೆದುದೂ ಶೂನ್ಯಸಂಪಾದನೆಯಲ್ಲಿ ಬರುವ ಪ್ರಸಂಗ. ಮಕ್ಕಳಿಗೆ ಬೇಕಾದುದು ಅದೇ. ಕಲ್ಲೆಸೆಯುವ ಪಾತ್ರಕ್ಕೆ ಪೈಪೋಟಿಯೋ ಪೈಪೋಟಿ!

ತೊಡಕು ಬಂದುದು ಭಾಷೆಯಲ್ಲಿ. ಮೊದಲು ಅವರು ಪಠ್ಯಪುಸ್ತಕದ ಕನ್ನಡದಲ್ಲಿ ಹಾಡು ಬರೆದರು. 'ಕೆರೆಯನ್ನು ತೋಡೋಣ' ಎಂದು ಹಾಡಿದರೆ ಹಲಗಿಯ ಪೆಟ್ಟಿಗೆ ಅದು ಕೂಡಲಿಲ್ಲ, ಹಾಡುವವರಿಗೇ ನಗು. ಕೊನೆಗೆ ಒಬ್ಬ ಹುಡುಗಿ ಮನೆಯ ಮಾತಿನಲ್ಲೇ 'ಕೆರಿ ತೋಡೂಣ ಬರ್ರಿ' ಎಂದು ಎತ್ತಿಕೊಂಡಳು. ಹಾಡು ತಾನೇ ಓಡತೊಡಗಿತು. ಆ ದಿನದಿಂದ ನಾಟಕದ ಕನ್ನಡ, ಮನೆಯ ಕನ್ನಡ ಬೇರೆ ಬೇರೆಯಾಗಿ ಉಳಿಯಲಿಲ್ಲ.

ಇನ್ನೊಂದು ಪ್ರಶ್ನೆ ಅದಕ್ಕಿಂತ ದೊಡ್ಡದು. ಕೆಲಸಗಾರರ ಒಂದು ಗುಂಪು ಮರಾಠಿಯಲ್ಲಿ ಹಾಡಲಿ ಎಂದು ಮಕ್ಕಳು ಗೊತ್ತುಮಾಡಿದ್ದರು. ಕನ್ನಡ ಶಾಲೆಯ ನಾಟಕದಲ್ಲಿ ಅದೇಕೆ, ಉಳಿದಿರುವ ಒಂದು ಮೂಲೆಯನ್ನೂ ಬಿಟ್ಟುಕೊಡಬೇಕೆ ಎಂದು ಹಿರಿಯರು ಕೆಲವರು ಆಕ್ಷೇಪಿಸಿದರು. ಅವರ ನೋವು ನಮಗೆ ತಿಳಿಯದ್ದಲ್ಲ. ಆದರೆ ಕನ್ನಡದ ಮೇಷ್ಟ್ರು ಅವರಿಗೊಂದು ಹಳೆಯ ಕಥೆ ಹೇಳಿದರು. ಉತ್ತರ ಕನ್ನಡದ ಕರ್ಕಿಯ ಯಕ್ಷಗಾನ ಮೇಳ ಸಾಂಗಲಿಯಲ್ಲಿ ಆಟವಾಡಿತ್ತು. ಅದನ್ನು ಕಂಡ ಅಲ್ಲಿಯ ಅರಸರು ಮರಾಠಿಯಲ್ಲೂ ಅಂತಹದು ಬೇಕೆಂದರು. ವಿಷ್ಣುದಾಸ ಭಾವೆಯವರು 1843ರಲ್ಲಿ 'ಸೀತಾಸ್ವಯಂವರ'ವನ್ನು ಆಡಿಸಿದರು. ಮರಾಠಿ ರಂಗಭೂಮಿಯ ಚರಿತ್ರೆ ಅಲ್ಲಿಂದ ಆರಂಭವೆನ್ನುತ್ತಾರೆ. ಕೊಟ್ಟದ್ದರಿಂದ ಕನ್ನಡ ಅಂದು ಬಡವಾಯಿತೆ? ಮರಾಠಿ ಹಾಡು ನಾಟಕದಲ್ಲಿ ಉಳಿಯಿತು.

ಪ್ರದರ್ಶನದ ದಿನ ದೀಪ ಒಮ್ಮೆ ಹೋಯಿತು. ಸಿದ್ಧರಾಮನ ಪೇಟ ಬಿಚ್ಚಿಕೊಂಡಿತು. ಆದರೂ ಕೆರೆಗೆ ನೀರು ಬಂದಾಗ ಕುಳಿತವರೂ ಮಕ್ಕಳೊಡನೆ ದನಿಗೂಡಿಸಿದರು.

ಹಾಡು ಎತ್ತಿಕೊಟ್ಟ ಹುಡುಗಿ ಹತ್ತನೆಯ ತರಗತಿಯವಳು. ಮುಂದಿನ ಓದು ಮರಾಠಿಯಲ್ಲಿ. ಕನ್ನಡದಲ್ಲಿ ಅವಳು ಬರೆಯುವ ಕೊನೆಯ ಪಾಠ ಈ ನಾಟಕವೇ ಆಗಬಹುದೆಂದು ಅವಳ ತಾಯಿ ನಮ್ಮೊಡನೆ ಹೇಳಿಕೊಂಡರು. ಸೊಲ್ಲಾಪುರದಲ್ಲೇ ಹುಟ್ಟಿ, ಸಿದ್ಧರಾಮನ ಪುರಾಣವನ್ನು ತ್ರಿಪದಿಯಲ್ಲಿ ಬರೆದು, 1974ರಲ್ಲಿ ಮಂಡ್ಯದ ಸಾಹಿತ್ಯ ಸಮ್ಮೇಳನದ ಅಧ್ಯಕ್ಷತೆ ವಹಿಸಿದ ಜಯದೇವಿತಾಯಿ ಲಿಗಾಡೆಯವರ ಹೆಸರನ್ನು ನಾವು ಅವರಿಗೆ ನೆನಪಿಸಿದೆವು.

ನಮ್ಮ ಮಕ್ಕಳಿಗೆ ಶಾಲಾ ಕಲೋತ್ಸವದಲ್ಲಿ ಯಕ್ಷಗಾನ ಸ್ಪರ್ಧೆಯಿದೆ. ಕುಂಬಳೆಯ ಪಾರ್ತಿಸುಬ್ಬನ ನಾಡಿನವರಿಗೆ ಅದು ಹೆಮ್ಮೆಯೇ. ನೆರೆಯ ಪುತ್ತೂರಿನಲ್ಲಿ ಶಿವರಾಮ ಕಾರಂತರ ಗೀತನಾಟಕಗಳ ಮಾದರಿಯೂ ಇದೆ. ಆದರೆ ಮಕ್ಕಳೇ ಕಥೆ ಆರಿಸಿ, ತಮ್ಮ ಮಾತಿನಲ್ಲೇ ಪದ ಕಟ್ಟಿ ಆಡುವ ನಾಟಕ ನಮ್ಮ ಎಷ್ಟು ಶಾಲೆಗಳಲ್ಲಿದೆ? ಚಂದ್ರಗಿರಿಯ ದಡದಲ್ಲಿ, ಬೇಕಲದ ಕೋಟೆಯ ನೆರಳಲ್ಲಿ ಕಥೆಗಳಿಗೇನು ಬರವೇ? ಬರುವ ವಾರ್ಷಿಕೋತ್ಸವಕ್ಕೆ ಮೇಷ್ಟ್ರುಗಳು ಹಾಡಿನ ಪಟ್ಟಿ ಮಾಡುವ ಮೊದಲು ಮಕ್ಕಳನ್ನು ಒಮ್ಮೆ ಕೇಳಿ ನೋಡಲಿ.