ಊಟದ ಬಿಡುವಿನಲ್ಲಿ ಸಿಕ್ಕ ಸುಳಿವು

1973ರ ಶರತ್ಕಾಲ. ಅಮೆರಿಕದ ಮಿಷಿಗನ್ ರಾಜ್ಯದ ಬ್ಯಾಟಲ್ ಕ್ರೀಕ್ ಸಮೀಪ ಫ್ರೆಡರಿಕ್ ಹಾಲ್ಬರ್ಟ್ ಎಂಬ ರೈತನ ಹಸುಗಳು ಮೇವಿಗೆ ಬಾಯಿ ಹಾಕದಾದವು. ಹಾಲು ಇಳಿಯಿತು, ಕೂದಲು ಉದುರಿತು, ಗೊರಸುಗಳು ಅಡ್ಡಾದಿಡ್ಡಿ ಬೆಳೆದವು. ಹೊಸದಾಗಿ ತಂದ ಪಶು ಆಹಾರದ ಮೇಲೆ ಅವರಿಗೆ ಅನುಮಾನ. ಹಾಲ್ಬರ್ಟ್ ರಾಸಾಯನಿಕ ಎಂಜಿನಿಯರಿಂಗ್‌ನಲ್ಲಿ ಸ್ನಾತಕೋತ್ತರ ಪದವಿ ಪಡೆದವರು, ಡೌ ಕಂಪನಿಯಲ್ಲಿ ದುಡಿದು ಹೈನುಗಾರಿಕೆಗೆ ಮರಳಿದವರು. ಅಷ್ಟು ಓದಿದವರ ಮಾತೂ ಬೇಗ ನಡೆಯಲಿಲ್ಲ. ಇದೇ ಗೋಳು ಹೇಳಿಕೊಂಡ ಇತರ ರೈತರಿಗೆ, ನಿಮಗೆ ದನ ಸಾಕಲು ಬರುವುದಿಲ್ಲ ಎಂಬ ಉತ್ತರ ಸಿಕ್ಕಿತು. ಈ ಮಾತು ಇವತ್ತು ಓದಿದರೂ ಸಿಟ್ಟು ಬರುತ್ತದೆ.

ಹಾಲ್ಬರ್ಟ್ ಕೈಯಿಂದ ಹಣ ಹಾಕಿ ಮಾದರಿಗಳನ್ನು ಪ್ರಯೋಗಾಲಯದಿಂದ ಪ್ರಯೋಗಾಲಯಕ್ಕೆ ಕಳಿಸಿದರು. ಎಲ್ಲರೂ ಹುಡುಕಿದ್ದು ತಮಗೆ ಗೊತ್ತಿದ್ದ ವಿಷಗಳನ್ನು. ಕೊನೆಗೆ ಅಯೋವಾದ ಏಮ್ಸ್‌ನಲ್ಲಿದ್ದ ರಾಷ್ಟ್ರೀಯ ಪಶುರೋಗ ಪ್ರಯೋಗಾಲಯದಲ್ಲಿ ಗ್ಯಾಸ್ ಕ್ರೊಮಟೋಗ್ರಾಫ್ ಯಂತ್ರಕ್ಕೆ ಮಾದರಿ ಹಾಕಿದರು. ಮಾದರಿಯನ್ನು ಕಾಯಿಸಿ ಆವಿ ಮಾಡಿ ಉದ್ದನೆಯ ನಳಿಕೆಯಲ್ಲಿ ಹಾಯಿಸುವ ಯಂತ್ರವಿದು. ಹಗುರವಾದ ವಸ್ತು ಬೇಗ ಹೊರಬರುತ್ತದೆ, ಭಾರವಾದದ್ದು ತಡವಾಗಿ. ಒಂದೊಂದು ಬಂದಾಗಲೂ ಆ ಕಾಲದ ಯಂತ್ರದ ಲೇಖನಿ ಕಾಗದದ ಮೇಲೆ ಒಂದು ಶಿಖರ ಬರೆಯುತ್ತಿತ್ತು. ಕೀಟನಾಶಕಗಳು ಹೊರಬರುವ ಹೊತ್ತು ಮುಗಿದರೆ ಯಂತ್ರ ನಿಲ್ಲಿಸುವುದು ರೂಢಿಯಾಗಿತ್ತು. ಆ ದಿನ ಅದನ್ನು ನಿಲ್ಲಿಸದೆ ಊಟಕ್ಕೆ ಹೋಗಿದ್ದರು. ವಾಪಸ್ ಬಂದಾಗ ಯಾರೂ ನಿರೀಕ್ಷಿಸದ ದೊಡ್ಡ ಶಿಖರಗಳು ಕಾಗದದ ಮೇಲಿದ್ದವು.

ಅವುಗಳಿಗೆ ಹೆಸರು ಸಿಕ್ಕಿದ್ದು 1974ರ ಏಪ್ರಿಲ್‌ನಲ್ಲಿ. ಮೇರಿಲ್ಯಾಂಡಿನ ಬೆಲ್ಟ್ಸ್‌ವಿಲ್‌ನಲ್ಲಿದ್ದ ಕೃಷಿ ಇಲಾಖೆಯ ವಿಜ್ಞಾನಿ ಜಾರ್ಜ್ ಫ್ರೈಸ್ ಆ ವಸ್ತುವನ್ನು ಗುರುತಿಸಿದರು: ಪಾಲಿಬ್ರೋಮಿನೇಟೆಡ್ ಬೈಫಿನೈಲ್, ಅಂದರೆ ಪಿಬಿಬಿ. ಪ್ಲಾಸ್ಟಿಕ್‌ಗೆ ಬೆಂಕಿ ತಗುಲದಂತೆ ಆಗ ಬೆರೆಸುತ್ತಿದ್ದ ರಾಸಾಯನಿಕ!

ಅದು ಹಸುವಿನ ಬಾಯಿಗೆ ಬಂದ ದಾರಿ ಇನ್ನೂ ವಿಚಿತ್ರ. ಸೇಂಟ್ ಲೂಯಿಸ್ ಎಂಬ ಊರಿನಲ್ಲಿದ್ದ ಮಿಷಿಗನ್ ಕೆಮಿಕಲ್ ಕಂಪನಿ ಪಶು ಆಹಾರಕ್ಕೆಂದು ಮೆಗ್ನೀಸಿಯಂ ಆಕ್ಸೈಡನ್ನೂ ಮಾರುತ್ತಿತ್ತು. ಅದರ ಹೆಸರು ನ್ಯೂಟ್ರಿಮಾಸ್ಟರ್. ಅದೇ ಕಂಪನಿ ತಯಾರಿಸುತ್ತಿದ್ದ ಪಿಬಿಬಿ ಬೆಂಕಿನಿರೋಧಕದ ಹೆಸರು ಫೈರ್‌ಮಾಸ್ಟರ್. ಮುದ್ರಿತ ಚೀಲಗಳ ಕೊರತೆಯಾದಾಗ ಸಾದಾ ಕಾಗದದ ಚೀಲಗಳ ಮೇಲೆ ಹೆಸರನ್ನು ಅಚ್ಚೊತ್ತಿದರು. ಹತ್ತಿಪ್ಪತ್ತು ಚೀಲ ಅದಲುಬದಲಾಗಿ ಫಾರ್ಮ್ ಬ್ಯೂರೊ ಎಂಬ ರೈತ ಸಂಘಟನೆಯ ಪಶು ಆಹಾರ ಕಾರ್ಖಾನೆ ಸೇರಿದವು. ಅಲ್ಲಿಯೂ ಯಾರೂ ನಿಂತು ಹೆಸರು ಓದಲಿಲ್ಲ.

ಆಮೇಲೆ ನಡೆದದ್ದು ಹತ್ಯೆ. ಸುಮಾರು 30,000 ದನ, 4,500 ಹಂದಿ, 15 ಲಕ್ಷ ಕೋಳಿಗಳನ್ನು ಕೊಂದರು. ಸಾವಿರಾರು ದನಗಳನ್ನು ಕಲ್ಕಾಸ್ಕ ಕೌಂಟಿಯ ಗುಂಡಿಗಳಲ್ಲಿ ಹೂತರು. ಆದರೆ ಶಿಖರಕ್ಕೆ ಹೆಸರು ಹುಡುಕುತ್ತಿದ್ದ ಅಷ್ಟೂ ತಿಂಗಳು ಹಾಲು, ಮಾಂಸ, ಮೊಟ್ಟೆ ಜನರ ಮನೆ ಸೇರುತ್ತಲೇ ಇದ್ದವು. ರೈತರ ದೂರನ್ನು ಮೊದಲ ದಿನವೇ ನಂಬಿದ್ದರೆ ಅದರಲ್ಲಿ ಎಷ್ಟೋ ಪಾಲು ತಡೆಯಬಹುದಿತ್ತು.

ಪಿಬಿಬಿ ಕೊಬ್ಬಿನಲ್ಲಿ ಸೇರಿಕೊಂಡರೆ ಸುಲಭಕ್ಕೆ ಬಿಡುವುದಿಲ್ಲ. ಎಮೊರಿ ವಿಶ್ವವಿದ್ಯಾಲಯದ ಸಂಶೋಧಕರು ಮಿಷಿಗನ್‌ನ ಆ ಜನರನ್ನೂ ಅವರ ಮಕ್ಕಳನ್ನೂ ಪರೀಕ್ಷಿಸಿದ್ದಾರೆ. 40 ವರ್ಷ ಕಳೆದ ಮೇಲೂ ಅನೇಕರ ರಕ್ತದಲ್ಲಿ ಅದು ಪತ್ತೆಯಾಗಿದೆ.